ಮನೆಯಲ್ಲಿ ಬೇರೆ ಯಾರಿಗಾದರೂ?

ಹತ್ತೊಂಬತ್ತು ವರ್ಷ ಒಂದು ದಿನವೂ ತಡಮಾಡದೆ ಬೆಳಗಿನ ಮೊದಲ ಬಸ್ಸು ತೆಗೆದವನು ಅಜ್ಜಿಯ ಮಗ. ಅವನ ಷೂ ಸದ್ದು ಗೇಟು ದಾಟಿತೆಂದರೆ ಪಕ್ಕದ ಮನೆಯವರು ಗಡಿಯಾರ ನೋಡದೆ ಹಾಲು ಕಾಯಿಸಲು ಇಡುತ್ತಿದ್ದರು. ಬೀದಿಯಲ್ಲಿ ಗಾಡಿ ಓಡಿಸುವವರು ಇನ್ನೂ ನಾಲ್ಕು ಜನರಿದ್ದರೂ ‘ಡ್ರೈವರ ಮನೆ’ ಎಂದರೆ ಇದೊಂದೇ. ಅಂಥವನು ಒಂದು ಸೋಮವಾರ ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು, ಒಂದು ಕಾಲಿಗೆ ಕಾಲುಚೀಲ ಏರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕೂತವನು ಕೂತೇ ಇದ್ದ.

“ಏನೋ, ಹೊತ್ತಾಗಲಿಲ್ವಾ?” ಅಜ್ಜಿ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಳು.

“ಹ್ಞೂ.”

“ಹ್ಞೂ ಅಂದ್ರೆ ಏಳು ಮತ್ತೆ.”

“ಆಗ್ತಿಲ್ಲಮ್ಮ.”

ಅವಳು ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. “ಏನಾಗ್ತಿಲ್ಲ?”

“ಇನ್ನೊಂದು ಕಾಲುಚೀಲ ಹಾಕ್ಕೊಳಕ್ಕೆ ಆಗ್ತಿಲ್ಲ.”

ಅಜ್ಜಿಗೆ ನಗು ಬಂತು. ನಲವತ್ತಾರು ವರ್ಷದ ಗಂಡಸು, ಅರವತ್ತು ಜನರನ್ನು ಕೂರಿಸಿಕೊಂಡು ಘಾಟಿ ಇಳಿಸುವವನು, ಕಾಲುಚೀಲಕ್ಕೆ ಸೋತನಂತೆ! ನಗುತ್ತಲೇ ಅವನ ಮುಖ ನೋಡಿದಳು. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವನು ಹೋಗಿರಲಿಲ್ಲ.

ಒಂದೇ ದಿನದಲ್ಲಿ ಆದದ್ದಲ್ಲ ಅದು. ಮೂರು ತಿಂಗಳಿಂದ ಅವನ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿದ ಅಜ್ಜಿಗೆ ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂಬುದು ತಿರುಗಿ ನೋಡದೆಯೇ ಗೊತ್ತಾಗುತ್ತಿತ್ತು. ಗೊತ್ತಾಗಿದ್ದರೂ, ಸೊಸೆಯ ಕೈಯ ಸಾರು ಸಪ್ಪೆ ಎಂದು ತನಗೇ ತಾನು ಹೇಳಿಕೊಂಡಿದ್ದಳು.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದ ಹೆಂಗಸು. ಅವಳು ಆ ದಿನವೇ ರಜೆ ಹಾಕಿ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬರುವಾಗ ಕೈಯಲ್ಲಿ ಒಂದು ಚೀಟಿ, ಒಂದು ರಜಾ ಪತ್ರ, ಹಳದಿ ಮಾತ್ರೆಯ ಎರಡು ಪಟ್ಟಿ ಇದ್ದವು.

“ಖಿನ್ನತೆಯಂತೆ ಅತ್ತೆ. ಮಾತ್ರೆ ಹಿಡಿಯೋಕೆ ಎರಡು ಮೂರು ವಾರ ಬೇಕಂತೆ. ಅಲ್ಲೀವರೆಗೆ ಬಸ್ಸು ಮುಟ್ಟಬಾರದಂತೆ.”

“ಮೈ ಬಗ್ಗಿಸಿದ್ರೆ ಎಲ್ಲಾ ಸರಿಹೋಗುತ್ತೆ. ಮನೇಲಿ ಕೂರಿಸಿದ್ರೆ ಇನ್ನಷ್ಟು ಕುಸೀತಾನೆ,” ಎಂದಳು ಅಜ್ಜಿ.

ಸೊಸೆ ಮಾತ್ರೆಯ ಪಟ್ಟಿಗಳನ್ನು ಸಕ್ಕರೆ ಡಬ್ಬಿಯ ಪಕ್ಕದಲ್ಲಿಟ್ಟಳು.

ಹಳದಿ ಮಾತ್ರೆ ಅವನನ್ನು ಎತ್ತುವ ಬದಲು ಕೆಡವಿತು. ಬೆಳಿಗ್ಗೆ ಹತ್ತಾದರೂ ಕಣ್ಣು ಬಿಡುತ್ತಿರಲಿಲ್ಲ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಟೀ ಲೋಟ ಎತ್ತಿದರೆ ಅರ್ಧ ಟೀ ತಟ್ಟೆಗೆ. ಎಂಟನೆಯ ದಿನ ಬಚ್ಚಲಲ್ಲಿ ತಲೆ ತಿರುಗಿ ಬಿದ್ದು ಮೊಣಕೈ ತರಚಿಕೊಂಡ. ಎದ್ದವನೇ ಮಾತ್ರೆಯ ಪಟ್ಟಿ ತೆಗೆದು ಕಸದ ಬುಟ್ಟಿಗೆ ಎಸೆದ.

“ಇದಕ್ಕಿಂತ ಕಾಯಿಲೇನೇ ವಾಸಿ.”

“ಎಸೀರಿ, ಎಸೀರಿ! ಒಂದು ವಾರಕ್ಕೇ ಎಸೆದ್ರೆ ಯಾವ ಔಷಧ ಹಿಡಿಯುತ್ತೆ?” ಸೊಸೆ ಬುಟ್ಟಿಯಿಂದ ಅದನ್ನು ಹೆಕ್ಕಿ ಒರೆಸಿದಳು.

“ಅವನಿಗೆ ಗುಣ ಆಗೋ ಮನಸ್ಸಿಲ್ಲ ಬಿಡು,” ಎಂದಳು ಅಜ್ಜಿ ಆಲೂಗಡ್ಡೆ ಸುಲಿಯುತ್ತಾ. “ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಮಾತ್ರೆ ಯಾಕೆ ಬೇಕು? ಎದ್ದು ಹೊರಗೆ ಹೋಗಿ ನಾಲ್ಕು ಜನದ ಮುಖ ನೋಡಲಿ.”

ಸೊಸೆಯ ಕೈ ನಿಂತಿತು. “ಅತ್ತೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದೇ ಮಾತನ್ನ ಅವತ್ತು ನಿಮ್ಮ ಮಗಳಿಗೂ ಹೇಳಿದ್ರಲ್ಲ?”

ಅಜ್ಜಿ ಎದ್ದು ಕುಕ್ಕರಿನ ಒಲೆ ಜೋರು ಮಾಡಿದಳು.

ಮರುವಾರ ಸೊಸೆಗೆ ರಜೆ ಸಿಗಲಿಲ್ಲ. ಮಗನನ್ನು ಆಸ್ಪತ್ರೆಗೆ ಕರೆದೊಯ್ಯುವ ಪಾಳಿ ಅಜ್ಜಿಯದಾಯಿತು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಅವನ ಕೈಗಳನ್ನು ಮುಂದಕ್ಕೆ ಚಾಚಿಸಿ ನಡುಕ ನೋಡಿದಳು, ಮೊಣಕೈ ಗಾಯ ನೋಡಿದಳು. “ಇಷ್ಟು ಕಡಿಮೆ ಮಾತ್ರೆಗೆ ಇಷ್ಟೊಂದು ತೊಂದರೆ ಆಗಬಾರದಾಗಿತ್ತು,” ಎಂದು ಬರೆಯುವುದನ್ನು ನಿಲ್ಲಿಸಿ ಕೇಳಿದಳು: “ಮನೆಯಲ್ಲಿ ಬೇರೆ ಯಾರಿಗಾದರೂ ಹಿಂದೆ ಹೀಗಾಗಿತ್ತಾ?”

“ನಮ್ಮ ಮನೇಲಾ?” ಅಜ್ಜಿ ಸೆರಗು ಸರಿಮಾಡಿಕೊಂಡಳು. “ಛೆ ಛೆ. ನಮ್ಮ ವಂಶದಲ್ಲೇ ಇಲ್ಲ.”

ಮಗ ನೆಲ ನೋಡಿದ. ಡಾಕ್ಟರಮ್ಮ ಮಾತ್ರೆಯನ್ನು ಅರ್ಧಕ್ಕೆ ಇಳಿಸಿ, ಹತ್ತು ದಿನ ಬಿಟ್ಟು ಬನ್ನಿ ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ, ಪರಿಚಯದ ಡ್ರೈವರು ಕನ್ನಡಿಯಲ್ಲಿ ನೋಡಿ ಕೈಯೆತ್ತಿದರೂ ಮಗ ಕಾಣದವನಂತೆ ಕಿಟಕಿಯ ಕಡೆ ತಿರುಗಿದ್ದ. ಮೂರನೆಯ ನಿಲ್ದಾಣದ ಹತ್ತಿರ ಒಂದೇ ಮಾತು ಹೇಳಿದ:

“ಅಮ್ಮಾ, ಗುಬ್ಬಿ ನಮ್ಮ ಮನೆಯವಳಲ್ವಾ?”

ಗುಬ್ಬಿ ಎಂದರೆ ಮಗಳು. ಹನ್ನೊಂದು ವರ್ಷದ ಹಿಂದೆ ಅವಳು ಇದೇ ಮನೆಯ ಹಿಂದಿನ ಕೋಣೆಯಲ್ಲಿ ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಗಲೂ ಯಾರೋ ಡಾಕ್ಟರು ಮಾತ್ರೆ ಕೊಟ್ಟಿದ್ದರು. “ಅಮ್ಮಾ, ಇದು ನುಂಗಿದ್ರೆ ಹೆಣ ಆಗ್ತೀನಿ, ಬೇಡ,” ಎಂದಿದ್ದಳು. “ಕಾಯಿಲೇನೂ ನಾಟಕ, ಮಾತ್ರೇನೂ ನಾಟಕ. ಕೆಲಸಕ್ಕೆ ಹೋಗದೆ ಇರೋಕೆ ನೆಪ,” ಎಂದಿದ್ದಳು ಅಜ್ಜಿ. ಗುಬ್ಬಿ ಒಂದು ಚೀಲ ತೆಗೆದುಕೊಂಡು ಗೆಳತಿಯ ಮನೆಗೆ ಹೋದಳು. ಹೇಗೋ ಚೇತರಿಸಿಕೊಂಡಳು. ಈಗ ಎರಡು ಗಂಟೆ ದಾರಿಯ ಊರಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುವ ಕೆಲಸ. ಅಣ್ಣನಿಗೆ ವಾರಕ್ಕೊಮ್ಮೆ ಫೋನು. ತಾಯಿ ಸಿಕ್ಕರೆ “ಚೆನ್ನಾಗಿದೀರಾ? ನಾನೂ ಚೆನ್ನಾಗಿದೀನಿ. ಅಣ್ಣನಿಗೆ ಕೊಡಿ.” ಹುಟ್ಟಿದಾಗಿನಿಂದ ‘ನೀನು’ ಎನ್ನುತ್ತಿದ್ದ ಮಗಳು ಆ ಮನೆ ಬಿಟ್ಟ ಮೇಲೆ ತಾಯಿಗೆ ಬಹುವಚನ ಕೊಡತೊಡಗಿದ್ದಳು. ಎಷ್ಟೋ ಬೈಗುಳ ತಿಂದ ಅಜ್ಜಿಗೆ ಆ ಮರ್ಯಾದೆಯಷ್ಟು ಉರಿಸಿದ್ದು ಬೇರೊಂದಿಲ್ಲ.

ಇನ್ನೊಂದಿತ್ತು. ಅದನ್ನು ಅಜ್ಜಿ ಯಾರಿಗೂ ಹೇಳಿರಲಿಲ್ಲ. ಮಗನಿಗೆ ನಾಲ್ಕು ವರ್ಷ, ಗುಬ್ಬಿ ತೊಟ್ಟಿಲಲ್ಲಿದ್ದ ಕಾಲಕ್ಕೆ ಸ್ವತಃ ಅಜ್ಜಿಗೂ ಹಾಗೆ ಆಗಿತ್ತು. ಹೀಗೇ ಮೈಯೆಲ್ಲ ಸೀಸ. ಅವಳ ಅತ್ತೆ ಒಂದು ಬೆಳಿಗ್ಗೆ ಹಾಸಿಗೆಯ ಮೇಲೆಯೇ ಒಂದು ಬಿಂದಿಗೆ ತಣ್ಣೀರು ಸುರಿದಿದ್ದಳು. ಅವಳು ಎದ್ದಿದ್ದಳು. ಎದ್ದು ಶಾಲೆಯ ಅಡುಗೆ ಕೆಲಸಕ್ಕೆ ಸೇರಿ, ಬೇರೆಯವರು ಬೇಡವೆನ್ನುತ್ತಿದ್ದ ಈರುಳ್ಳಿ ಹೆಚ್ಚುವ ಕೆಲಸವನ್ನು ತಾನಾಗಿ ಕೇಳಿ ಪಡೆದಿದ್ದಳು. ಈರುಳ್ಳಿಯ ಮುಂದೆ ಕೂತವಳನ್ನು ಯಾಕೆ ಅಳುತ್ತೀ ಎಂದು ಯಾರೂ ಕೇಳುವುದಿಲ್ಲ. ಎರಡು ವರ್ಷ ಹಾಗೆ ಕಳೆದಿತ್ತು. ನಾನು ಎದ್ದೆ, ಮಿಕ್ಕವರು ಏಳುವುದಕ್ಕೇನು ಧಾಡಿ ಎಂದು ಅವಳು ಜೀವಮಾನವಿಡೀ ನಂಬಿದ್ದಳು.

ಮೊಮ್ಮಗಳು ಪುಟ್ಟಿ ಔಷಧಶಾಸ್ತ್ರ ಓದುವವಳು, ಎರಡನೇ ವರ್ಷ. ಶನಿವಾರ ಮಧ್ಯಾಹ್ನ ಅಜ್ಜಿಯ ಜೊತೆ ಬಟಾಣಿ ಬಿಡಿಸಲು ಕೂತಾಗ ಅಜ್ಜಿಯೇ ಬಾಯಿ ಬಿಟ್ಟಳು.

“ಏನೇ ಪುಟ್ಟಿ, ಇದೇನು ಮೆದುಳಲ್ಲಿ ಏನೋ ಕಮ್ಮಿ ಆಗೋದಂತಲ್ಲ? ಸಾರಿಗೆ ಉಪ್ಪು ಕಮ್ಮಿ ಆದ ಹಾಗಾ?”

“ಮೊದಲು ಹಾಗೇ ಅಂದ್ಕೊಂಡಿದ್ರು ಅಜ್ಜಿ. ಮೆದುಳಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ತಗೊಂಡು ಹೋಗೋ ರಾಸಾಯನಿಕಗಳಿರ್ತವೆ. ಸೆರೊಟೋನಿನ್ ಅಂತ ಒಂದು, ಇನ್ನೂ ಬೇರೆ ಬೇರೆ. ಒಂದು ಚಿಟಿಕೆ ಕಮ್ಮಿ, ಒಂದು ಚಿಟಿಕೆ ಹಾಕು, ಸರಿಹೋಯ್ತು, ಅಂತ ಅಲ್ಲ. ಅಷ್ಟು ಸುಲಭ ಆಗಿದ್ರೆ ನಮಗೆ ಪರೀಕ್ಷೆ ಯಾಕೆ ಇಡ್ತಿದ್ರು?”

“ಮತ್ತೆ ವಂಶದಿಂದ ಬರುತ್ತಾ?”

“ಸ್ವಲ್ಪ. ಒಂದೇ ಜೀನ್‌ನಿಂದ ಅಲ್ಲ, ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸ ಸೇರಿ. ಒಂದೊಂದೂ ಸಾಸಿವೆಯಷ್ಟೂ ತೂಗಲ್ಲ. ಅದರ ಮೇಲೆ ಬದುಕಲ್ಲಿ ಏನೇನು ಬಿತ್ತೋ ಅದೂ. ಬರಲೇಬೇಕು ಅಂತಿಲ್ಲ.” ಪುಟ್ಟಿ ಒಂದು ಹಸಿ ಕಾಳು ಬಾಯಿಗೆ ಹಾಕಿಕೊಂಡಳು. “ನಾನೂ ಕೇಳ್ಕೊಂಡಿದೀನಿ, ನನಗೂ ಬರುತ್ತಾ ಅಂತ. ಹೆದರಿಕೆ ಆಯ್ತು. ಆಮೇಲೆ ಅಂದ್ಕೊಂಡೆ, ಬಂದ್ರೆ ಮೊದಲನೇ ದಿನಾನೇ ಎಲ್ಲರಿಗೂ ಹೇಳ್ಬಿಡ್ತೀನಿ. ಈ ಮನೇಲಿ ಬಾಯಿ ಮುಚ್ಕೊಂಡೇ ಎಲ್ಲಾ ಹಾಳಾಗಿರೋದು.”

ಅಜ್ಜಿ ಎರಡು ಸಿಪ್ಪೆಯನ್ನು ಪಾತ್ರೆಗೂ ನಾಲ್ಕು ಕಾಳನ್ನು ಕಸಕ್ಕೂ ಹಾಕಿದಳು.

“ಮಾತ್ರೆ ಅಪ್ಪಂಗೆ ಯಾಕೆ ಹಾಗೆ ಹೊಡೀತು ಅನ್ನೋದು ಬೇರೆ ವಿಷಯ,” ಎಂದಳು ಪುಟ್ಟಿ. “ನುಂಗಿದ ಔಷಧಾನ ಲಿವರ್ ಒಡೆದು ಹೊರಗೆ ಹಾಕ್ಬೇಕು. ಕೆಲವರದ್ದು ಬೇಗ ಮಾಡುತ್ತೆ, ಕೆಲವರದ್ದು ನಿಧಾನ. ನಿಧಾನ ಇದ್ರೆ ನಿನ್ನೇದು ಹೋಗೋಕೆ ಮೊದಲೇ ಇವತ್ತಿಂದು ಬರುತ್ತೆ. ಒಂದು ಮಾತ್ರೆ ನುಂಗಿದ್ರೂ ಮೂರರಷ್ಟು ಕೂತಿರುತ್ತೆ. ಅದಂತೂ ಹುಟ್ಟಿನಿಂದಾನೇ ಬಂದಿರುತ್ತೆ. ಒಡಹುಟ್ಟಿದವರಿಬ್ಬರಿಗೂ ಇರಬಹುದು. ಗುಬ್ಬಿ ಅತ್ತೆ ಯಾವ ಮಾತ್ರೆ ತಗೋತಿದ್ರು?”

“ನನಗೆ ಹೇಗೆ ಗೊತ್ತು?”

“ಕೇಳು. ಅಪ್ಪ ಕೇಳಲ್ಲ. ಅಮ್ಮ ಕೇಳಿದ್ರೆ ನಿಂಗೆ ಸಿಟ್ಟು. ನೀನೇ ಕೇಳು.”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಜ್ಜಿ ತಲೆ ಬಾಚಿಕೊಂಡು ಫೋನಿನ ಮುಂದೆ ಕೂತಳು, ಯಾರೋ ನೋಡಲು ಬರುವವರಿದ್ದಾರೆ ಎಂಬಂತೆ. ಎರಡನೇ ರಿಂಗಿಗೇ ಮಗಳು ಎತ್ತಿದಳು.

“ಏನಾಯ್ತು? ಯಾರು ಹೋದ್ರು?”

“ಯಾರೂ ಹೋಗಿಲ್ಲ. ಎಲ್ಲಾ ಇದೀವಿ.”

“ಮತ್ತೆ ನೀವ್ಯಾಕೆ ಫೋನ್ ಮಾಡಿದ್ರಿ?”

ಅಜ್ಜಿ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಮರೆತುಹೋಯಿತು. “ಆಗ... ನೀನು ನುಂಗ್ತಿದ್ಯಲ್ಲ, ಅದು ಯಾವ ಮಾತ್ರೆ?”

ಗುಬ್ಬಿ ಮಾತ್ರೆಯ ಹೆಸರು ಹೇಳಿದಳು, ತನ್ನ ವಿಳಾಸ ಹೇಳುವಷ್ಟು ಸಲೀಸಾಗಿ. “ಇಪ್ಪತ್ತೆರಡು ದಿನ ತಗೊಂಡೆ. ಬಾಯಿ ಒಣಗ್ತಿತ್ತು. ಕೈ ನಡುಗಿ ನಿಮ್ಮ ಗಾಜಿನ ಲೋಟ ಒಡೆದೆ. ನಾನು ಬೇಕು ಅಂತಾನೇ ಒಡೆದೆ ಅಂದ್ರಿ.”

ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದ ಪುಟ್ಟಿ ಚೀಟಿಯಲ್ಲಿ ಹೆಸರು ಬರೆದುಕೊಂಡು, ಹೋಗಿ ಸಕ್ಕರೆ ಡಬ್ಬಿಯ ಪಕ್ಕದ ಮಾತ್ರೆಯ ಪಟ್ಟಿ ನೋಡಿದಳು. ಅದೇ ಹೆಸರು.

“ನಿನ್ನ ಅಣ್ಣಂಗೂ ಕೈ ನಡುಗುತ್ತೆ,” ಎಂದಳು ಅಜ್ಜಿ.

ಮುಂದಿನ ಸಲ ಆಸ್ಪತ್ರೆಗೆ ಮಗ, ಸೊಸೆ, ಅಜ್ಜಿ ಮೂವರೂ ಹೋದರು. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿಬಿಟ್ಟಳು: “ಅವತ್ತು ಸುಳ್ಳು ಹೇಳಿದೆ ಡಾಕ್ಟ್ರೇ. ನನ್ನ ಮಗಳಿಗೆ ಆಗಿತ್ತು. ಇದೇ ಮಾತ್ರೆ, ಇದೇ ನಡುಕ.” ಒಂದು ಉಸಿರು ತೆಗೆದುಕೊಂಡು, “ನನಗೂ ಆಗಿತ್ತು. ಮಾತ್ರೆ ಗೀತ್ರೆ ಏನಿರ್ಲಿಲ್ಲ. ತಣ್ಣೀರು,” ಎಂದಳು.

ಮಗ, ಸೊಸೆ ಇಬ್ಬರೂ ಒಟ್ಟಿಗೆ ಅವಳತ್ತ ತಿರುಗಿದರು. ಡಾಕ್ಟರಮ್ಮ ಮಾತ್ರ ಆಶ್ಚರ್ಯಪಡದೆ ಬರೆದುಕೊಂಡಳು.

“ಒಳ್ಳೆಯದಾಯಿತು ಹೇಳಿದ್ದು. ಒಂದು ರಕ್ತ ಪರೀಕ್ಷೆ ಮಾಡಿಸೋಣ. ಆದರೆ ಒಂದು ತಿಳಿದಿರಲಿ. ಇವರಿಗೆ ಯಾಕೆ ಹೀಗಾಯಿತು ಅಂತ ಆ ಪರೀಕ್ಷೆ ಹೇಳೋದಿಲ್ಲ. ಯಾವ ಮಾತ್ರೆಯನ್ನ ಇವರ ಮೈ ನಿಧಾನವಾಗಿ ಹೊರಗೆ ಹಾಕುತ್ತೆ ಅನ್ನೋದಷ್ಟನ್ನೇ ಹೇಳುತ್ತೆ.”

“ನನ್ನ ಕಡೆಯಿಂದ ಬಂದಿದ್ದಾ ಅದು?” ಅಜ್ಜಿ ಕೇಳಿದಳು.

“ಆ ನಿಧಾನ ತೀರಾ ನಿಧಾನವೇ ಆಗಿದ್ದರೆ ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು. ತಪ್ಪು ಯಾರದ್ದೂ ಅಲ್ಲಮ್ಮ. ಕಣ್ಣಿನ ಬಣ್ಣ ಕೊಟ್ಟ ಹಾಗೆ.”

ಹೊರಗೆ ಬಂದು ರಸ್ತೆ ದಾಟುವಾಗ ಸೊಸೆ ಅತ್ತೆಯ ಕೈ ಹಿಡಿದುಕೊಂಡಳು, ದಾಟಿದ ಮೇಲೂ ಬಿಡಲಿಲ್ಲ.

ಎರಡೂವರೆ ವಾರಕ್ಕೆ ಕಾಗದ ಬಂತು. ಅವನ ಮೈ ಹಳದಿ ಮಾತ್ರೆಯ ಜಾತಿಯವನ್ನೆಲ್ಲ ಬಹಳ ನಿಧಾನವಾಗಿ ಒಡೆಯುವ ಮೈ. ಡಾಕ್ಟರಮ್ಮ ಬೇರೆ ದಾರಿಯಿಂದ ಹೊರಹೋಗುವ ಒಂದು ಪುಟ್ಟ ಬಿಳಿ ಮಾತ್ರೆ ಬರೆದಳು. ವಾರಕ್ಕೊಮ್ಮೆ ಒಬ್ಬ ಆಪ್ತಸಮಾಲೋಚಕರ ಹತ್ತಿರ ಕೂತು ಮಾತಾಡಿ ಬರಬೇಕು ಎಂದೂ ಹೇಳಿದಳು. “ವಾರಕ್ಕೊಂದು ಗಂಟೆ ಏನು ಮಾತಾಡ್ತೀಯೋ?” ಎಂದು ಅಜ್ಜಿ ಕೇಳಿದರೆ, “ನಿನ್ನ ವಿಷಯಾನೇ ಜಾಸ್ತಿ,” ಎಂದ ಮಗ. ಬಹಳ ದಿನದ ಮೇಲೆ ಅವನ ತುಟಿ ಒಂದು ಕಡೆಗೆ ಸೊಟ್ಟಗಾಯಿತು. ಅದು ನಗುವೆಂದು ಗೊತ್ತಾಗಲು ಅಜ್ಜಿಗೆ ಒಂದು ಗಳಿಗೆ ಬೇಕಾಯಿತು.

ಬಿಳಿ ಮಾತ್ರೆ ಪವಾಡವನ್ನೇನೂ ಮಾಡಲಿಲ್ಲ. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ನಡುಕ ನಿಂತಿತು. ಮೂರನೆಯ ವಾರ ತಾನಾಗಿ ಗಡ್ಡ ಬೋಳಿಸಿಕೊಂಡ. ಐದನೆಯ ವಾರದಲ್ಲಿ ಒಂದು ಮಧ್ಯಾಹ್ನ ಸಾರು ಬಾಯಿಗಿಟ್ಟುಕೊಂಡು ಮುಖ ಹಿಂಡಿದ.

“ಏನಿದು, ಉಪ್ಪಿಗೇನು ಬರಗಾಲ ಬಂದಿದ್ಯಾ ಈ ಮನೇಲಿ?”

“ಬೇಕಾದ್ರೆ ಹಾಕ್ಕೊಳ್ಳಿ, ಅಲ್ಲೇ ಇದೆ,” ಎಂದು ಸೊಸೆ ಸಿಡುಕಿದಳು. ಸಿಡುಕಿದವಳೇ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಅವನು ಊಟದ ಮೇಲೆ ಜಗಳ ತೆಗೆದು ಆರು ತಿಂಗಳಾಗಿತ್ತು.

“ನಾನೇನು ಜೋಕ್ ಹೇಳಿದ್ನಾ?” ಎಂದು ಅವನು ಹೊರಗಿನಿಂದ ಕೂಗಿದ. ಆ ದಿನ ತಟ್ಟೆಯಲ್ಲಿ ಏನೂ ಉಳಿಯಲಿಲ್ಲ.

ಅವನು ಡ್ಯೂಟಿಗೆ ಮರಳುವ ಹಿಂದಿನ ಭಾನುವಾರ ಗುಬ್ಬಿ ಬಂದಳು. ಅಣ್ಣನನ್ನು ನೋಡಲು ಬಂದದ್ದು ಎಂದು ಬಾಗಿಲಲ್ಲೇ ಹೇಳಿದಳು, ಬೇರೆ ಯಾರಾದರೂ ತಪ್ಪು ತಿಳಿದುಕೊಂಡಾರು ಎಂಬಂತೆ. ಕೂದಲು ಅಲ್ಲಲ್ಲಿ ನರೆತಿತ್ತು. ಬೆರಳ ತುದಿಗಳಲ್ಲಿ ಒಣಗಿದ ಅಂಟು. ಅಣ್ಣತಂಗಿ ಒಂದು ಗಂಟೆ ಹೊರಗಿನ ಮೆಟ್ಟಿಲ ಮೇಲೆ ಕೂತು ಮಾತಾಡಿದರು. ಕೊನೆಗೆ ನೀರು ಕುಡಿಯಲು ಅವಳು ಅಡುಗೆಮನೆಗೆ ಬಂದಾಗ ಅಜ್ಜಿ ಒಬ್ಬಳೇ ಇದ್ದಳು. ಪರೀಕ್ಷೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದವಳು ಅದನ್ನು ತೆಗೆದು ಮಗಳ ಮುಂದೆ ಚಾಚಿದಳು.

“ನೀನೂ ಮಾಡಿಸ್ಕೋಬೇಕಂತೆ. ಮುಂದೆ ಯಾವ ಡಾಕ್ಟರ ಹತ್ರ ಹೋದ್ರೂ ತೋರಿಸ್ಬೇಕಂತೆ.” ಮತ್ತೆ, “ಅವತ್ತು ನೀನು ಹೇಳಿದ್ದು ನಿಜ,” ಎಂದಳು.

ಗುಬ್ಬಿ ಕಾಗದವನ್ನು ಪೂರ್ತಿ ಓದಿದಳು. “ಇದನ್ನ ನಂಬೋಕೆ ನಿಮಗೆ ರಕ್ತ ಪರೀಕ್ಷೆ ಬೇಕಾಯ್ತಾ? ನಾನು ಬಾಯಿಬಿಟ್ಟು ಹೇಳಿದ್ದೆನಲ್ಲ?”

“ಬೇಕಾಯ್ತು ಕಣೆ.”

“ಹನ್ನೊಂದು ವರ್ಷ.”

“ಹ್ಞೂ.”

“ಬರೀ ಹ್ಞೂ ನಾ?”

ಅಜ್ಜಿ ಮಣೆಯ ಮೇಲೆ ಕೂತಳು. ಕೂತರೆ ಹೇಳುವುದು ಸುಲಭವಾದೀತು ಅಂದುಕೊಂಡಿದ್ದಳು. ಆಗಲಿಲ್ಲ. “ನೀನು ತೊಟ್ಟಿಲಲ್ಲಿದ್ದಾಗ ನಾನೂ ಮಲಗಿದ್ದೆ. ನೀನು ಅತ್ರೆ ಎತ್ಕೊಳೋಕೂ ಕೈ ಏಳ್ತಿರ್ಲಿಲ್ಲ. ನನ್ನತ್ತೆ ನೀರು ಸುರಿದ್ಳು. ಎದ್ದೆ. ಎದ್ದಿದ್ದಕ್ಕೇ ಗುಣ ಆಯ್ತು ಅಂದ್ಕೊಂಡೆ. ಗುಣ ಆಗಿರ್ಲಿಲ್ಲ, ಎರಡು ವರ್ಷ ಈರುಳ್ಳಿ ಹೆಚ್ಚಿದೆ ಅಷ್ಟೇ. ನೀನು ಮಲಗಿದ್ದನ್ನ ನೋಡಿದಾಗ ನನ್ನನ್ನೇ ನೋಡಿದ ಹಾಗಾಯ್ತು. ಹೆದರಿಕೆ ಆಯ್ತು. ಹೆದರಿಕೆ ಆದ್ರೆ ನನಗೆ ಬೈಗುಳ ಬರುತ್ತೆ, ಬೇರೆ ಏನೂ ಬರಲ್ಲ.”

ಗುಬ್ಬಿ ಲೋಟ ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಇತ್ತು. ಆದರೂ ಅವಳು ಹೋಗಲಿಲ್ಲ. ಅಲ್ಲೇ ನೆಲದ ಮೇಲೆ, ತಾಯಿಯ ಎದುರಿಗೆ ಕೂತಳು.

“ಎರಡು ವರ್ಷ ಯಾರಿಗೂ ಹೇಳ್ಲೇ ಇಲ್ವಾ ನೀನು?”

‘ನೀನು’ ಎಂದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಅಜ್ಜಿಗೆ ಗೊತ್ತಾಯಿತು. ಅದನ್ನು ಗಮನಿಸಿದ್ದೇನೆಂದು ತೋರಿಸಿದರೆ ಎಲ್ಲಿ ವಾಪಸು ತೆಗೆದುಕೊಂಡುಬಿಡುತ್ತಾಳೋ ಎಂದು ತಲೆ ತಗ್ಗಿಸಿ, “ಯಾರಿಗೆ ಹೇಳ್ಲಿ?” ಎಂದಳು.

“ಈಗ್ಲೂ ಬರುತ್ತಾ?”

“ಆಗೊಮ್ಮೆ ಈಗೊಮ್ಮೆ. ಒಂದು ದಿನ, ಎರಡು ದಿನ.”

“ಬಂದಾಗ ನನಗೆ ಫೋನ್ ಮಾಡು. ಕ್ಷಮಿಸಿದೀನಿ ಅಂತ ಅಂದ್ಕೋಬೇಡ. ಅದು ನಿಧಾನಕ್ಕೆ ನೋಡೋಣ. ಆದ್ರೆ ಫೋನ್ ಮಾಡು.”

“ಸರಿ.”

“ಊಟಕ್ಕೇನಿದೆ?”

ಅಜ್ಜಿ ಎದ್ದು ತಟ್ಟೆ ಹಾಕಿದಳು. ಗುಬ್ಬಿ ಸಾರನ್ನು ಎರಡು ಸಲ ಹಾಕಿಸಿಕೊಂಡಳು. ರಾತ್ರಿ ಉಳಿಯಲು ಒಪ್ಪದೆ ಐದು ಗಂಟೆಯ ಬಸ್ಸಿಗೆ ಹೊರಟುಹೋದಳು.

ಮಗ ಕೆಲಸಕ್ಕೆ ಮರಳಿದ, ಮೊದಲಿಗೆ ಮಧ್ಯಾಹ್ನದ ಪಾಳಿ, ಸಪಾಟು ರಸ್ತೆಯ ಬಸ್ಸು. ಡಿಪೋದವರು ಹಾಗೆ ಕೊಟ್ಟರು, ಅವನೂ ಬೇಡವೆನ್ನಲಿಲ್ಲ. ಪುಟ್ಟಿ ಪರೀಕ್ಷೆಯಲ್ಲಿ ಪಾಸಾದಳು. ಗುಬ್ಬಿಯ ರಕ್ತ ಪರೀಕ್ಷೆಯೂ ಆಯಿತು. ಅಣ್ಣನದರಂತೆಯೇ ಬಂತು.

ಎರಡು ತಿಂಗಳ ಮೇಲೆ ಒಂದು ಗುರುವಾರ ಬೆಳಿಗ್ಗೆ ಸೊಸೆ ಅಂಗಡಿಗೆ, ಪುಟ್ಟಿ ಕಾಲೇಜಿಗೆ ಹೋಗಿದ್ದರು, ಮಗ ಸ್ನಾನಕ್ಕೆ ಇಳಿದಿದ್ದ. ಬೇಳೆ ಕುದಿಯುತ್ತಿತ್ತು. ಸೌಟು ಎತ್ತಲು ಹೋದ ಅಜ್ಜಿಗೆ ಕೈ ಏಳಲಿಲ್ಲ. ಆ ಭಾರ ಅವಳಿಗೆ ಹಳೆಯ ಪರಿಚಯ. ಹಿಂದೆ ಆಗಿದ್ದರೆ ಹಲ್ಲು ಕಚ್ಚಿ ಸೌಟು ಎತ್ತುತ್ತಿದ್ದಳು. ಈಗ ನಡುಮನೆಗೆ ಹೋಗಿ ಫೋನು ತೆಗೆದುಕೊಂಡಳು.

“ಗುಬ್ಬಿ, ಇವತ್ತು ಬಂದಿದೆ ಕಣೆ.”

“ಒಲೆ ಉರೀತಿದ್ಯಾ?”

“ಹ್ಞೂ.”

“ಆರ್ಸಿ ಕೂತ್ಕೊ. ಏನೂ ಮಾಡಬೇಡ. ಹನ್ನೊಂದೂವರೆ ಬಸ್ಸಿಗೆ ಬರ್ತೀನಿ.”

ಅಜ್ಜಿ ಒಲೆ ಆರಿಸಿದಳು. ಬೇಳೆ ಇನ್ನೂ ಅರ್ಧ ಬೆಂದಿತ್ತು. ಇರಲಿ ಎಂದುಕೊಂಡು ಕಿಟಕಿಯ ಬಳಿಯ ಕುರ್ಚಿಯಲ್ಲಿ, ಹಗಲು ಹತ್ತು ಗಂಟೆಯ ಬಿಸಿಲಿನಲ್ಲಿ, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮಗಳ ಬಸ್ಸಿಗೆ ಕಾಯುತ್ತಾ ಕೂತಳು.